ಕಂಬಕ್ಕೆ ಬಿಗಿದ ಪಂಪು

ಅವ್ವ ತೀರಿಕೊಂಡ ಮೇಲೆ ನಮ್ಮ ಮನೆಗೆ ಜನ ಬರುವುದೇ ಕಡಿಮೆಯಾಯಿತು. ಬರುತ್ತಿದ್ದವರೆಲ್ಲ ಅವಳ ಮಾತಿಗೆ ಬರುತ್ತಿದ್ದವರು. ಅಪ್ಪನ ಮಾತಿಗೆ ಬರಬೇಕೆಂದರೆ ಮೊದಲು ಅವನು ಬಾಯಿ ಬಿಡಬೇಕಲ್ಲ! ತೊಂಬತ್ತರ ದಶಕದ ಸಂಗೊಳ್ಳಿಯಲ್ಲಿ ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಸೈಕಲ್ ಪಂಪು, ನಮ್ಮದು. ಅದನ್ನು ಕೇಳುವ ನೆಪಕ್ಕಾದರೂ ಯಾರಾದರೂ ಬಾಗಿಲಿಗೆ ಬರುತ್ತಿದ್ದರು. ಆದರೆ ಒಂದು ಸಲ ಹೊರಬಿದ್ದ ಸಾಮಾನು ಮನೆಯಿಂದ ಮನೆಗೆ ತಿರುಗುವುದು ಓಣಿಯ ರೂಢಿ. ವಾರಗಟ್ಟಲೆ ತಿರುಗಿ, ಹಿಡಿಕೆ ಸೊಟ್ಟಾಗಿ, ಕೊನೆಗೆ ಗಾಳಿಗಿಂತ ಸದ್ದನ್ನೇ ಹೆಚ್ಚು ಹೊರಹಾಕುತ್ತ ಅದು ಮರಳಿ ಬಂತು.

ಹೊಸದನ್ನು ಆರಿಸಲು ಅಪ್ಪ ನನ್ನನ್ನೂ ಬೈಲಹೊಂಗಲದ ಪೇಟೆಗೆ ಕರೆದೊಯ್ದ. ಹೆಣ್ಣು ನೋಡಲು ಬಂದವರೂ ಅಷ್ಟು ಹೊತ್ತು ನೋಡುವುದಿಲ್ಲ. ಒಂದೊಂದನ್ನೂ ಎತ್ತಿ ತೂಗಿ, ಪಂಪಿನ ಪಾದ ಅಲ್ಲಾಡಿಸಿ, ಕೊಳವೆಯ ಬಾಯಿಗೆ ಹೆಬ್ಬೆರಳಿಟ್ಟು ಹಿಡಿಕೆ ಅದುಮಿದ.

"ಒಂದ್ ಸೈಕಲ್ಲಿಗಿ ಇಷ್ಟ್ ಗಟ್ಟಿದ್ದು ಯಾಕ್ರಿ ಯಜಮಾನ್ರ?" ಎಂದ ಅಂಗಡಿಯವನು ಬೇಸತ್ತು.

"ಓಣಿ ಮಂದಿ ಎಲ್ಲಾ ಬರತಾರ್ರಿ. ತಾಳಬೇಕು," ಎಂದ ಅಪ್ಪ.

ಆರಿಸಿದ್ದು ದಪ್ಪ ಉಕ್ಕಿನದು, ಒಳಗೆ ಚರ್ಮದ ವಾಶರ್ ಇದ್ದದ್ದು. ಮನೆಗೆ ಬಂದವನೇ ಆಕಳ ಸರಪಳಿಯಿಂದ ಅದನ್ನು ಕಟ್ಟೆಯ ಕಂಬಕ್ಕೆ ಬಿಗಿದು ಬೀಗ ಹಾಕಿದ. "ಇಲ್ಲೇ ಬಂದು ಗಾಳಿ ಹಾಕ್ಕೊಳ್ಲಿ. ಹಂಗ ಐದ್ ಮಿನಿಟ್ ಕುಂತು ಹೋಗತಾರ," ಎಂದ. ಹೇಳಿದ್ದು ನನ್ನೊಬ್ಬಳ ಮುಂದೆ ಮಾತ್ರ.

ಓಣಿಗೆ ಕಂಡದ್ದು ಬರೀ ಸರಪಳಿ. "ನಾವೇನ್ ಕಳ್ಳರೇನ?" ಎಂದು ಎದುರು ಮನೆಯಾತ ನಮಗೆ ಕೇಳುವಂತೆಯೇ ಅಂದ. ಅಂದಿನಿಂದ ಜನ ಊರ ಮುಂದಿನ ಪಂಕ್ಚರ್ ಅಂಗಡಿಯ ತನಕ ಸೈಕಲ್ ತಳ್ಳಿಕೊಂಡು ಹೋಗತೊಡಗಿದರು, ಅದೂ ನಮ್ಮ ಕಟ್ಟೆಯ ಮುಂದಿನಿಂದಲೇ.

"ಸರಪಳಿ ಬಿಚ್ಚಪ್ಪಾ," ಎಂದೆ.

"ಬಿಚ್ಚಿದರ ಒಯ್ತಾರವ್ವಾ. ಆಮ್ಯಾಲ ಇಲ್ಲಿ ಯಾರ್ ಬರತಾರ?"

ನನಗೆ ಸಿಟ್ಟು ಬಂತು. ಅವನ ಮೇಲೋ ಓಣಿಯ ಮೇಲೋ ಇಂದಿಗೂ ತಿಳಿದಿಲ್ಲ. ಅವನು ಮಾತ್ರ ವಾಶರ್ ಒಣಗದಂತೆ ಕುಸುಬಿ ಎಣ್ಣೆ ಹಚ್ಚುತ್ತಲೇ ಇದ್ದ. ಯಾರೂ ಮುಟ್ಟದ ಪಂಪಿಗೆ ಅಷ್ಟು ಉಪಚಾರ ನೋಡಿದರೆ ಸಂಕಟವಾಗುತ್ತಿತ್ತು.

ಒಂದು ಸಂಜೆ ಕಾಲೇಜಿನಿಂದ ಬರುವಾಗ ದೂರದಿಂದಲೇ ಕಂಡಿತು. ಅಪ್ಪ ಕಟ್ಟೆಯ ಬಳಿ ಕುಕ್ಕರಗಾಲಲ್ಲಿ ಕುಳಿತು ತನ್ನ ಸೈಕಲ್ಲಿನ ಗಾಳಿಯನ್ನು ತಾನೇ ಬಿಡುತ್ತಿದ್ದ. ಗಾಲಿ ಪೂರ್ತಿ ಇಳಿದ ಮೇಲೆ ಎದ್ದು ಪಂಪು ಹೊಡೆಯತೊಡಗಿದ. ದಾಟಿಹೋಗುತ್ತಿದ್ದ ಎದುರು ಮನೆಯಾತ ನಿಂತ.

"ಯಾಕ್ರಿ, ಮತ್ತ ಗಾಳಿ ಹೋತೇನ್ರಿ?"

"ಹೌದ್ರಿ, ದಿನಾ ಹೋಗತೈತಿ. ಬರ್ರಿ, ಕುಂದರ್ರಿ."

"ಟ್ಯೂಬ್ ಬದಲಿ ಹಾಕಸ್ರಿ," ಎಂದು ಆತ ಹೊರಟುಹೋದ.

ಅಷ್ಟು ಮಾತಿಗೇ ಅಪ್ಪನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಸಣ್ಣ ನಗು ಕಂಡೆ. ಮರುದಿನ ಅದೇ ಹೊತ್ತಿಗೆ ಮತ್ತೆ ಗಾಳಿ ಬಿಟ್ಟು ಕುಳಿತ.