ಟಗರು ತಿಂದ ಮುದ್ದೆ

ಮೊನ್ನೆ ಟ್ರಂಕಿನ ತಳದಲ್ಲಿದ್ದ ಕರಿ ಕಂಬಳಿಯನ್ನು ಬಿಸಿಲಿಗೆ ಹಾಕೋಣವೆಂದು ಹೊರಗೆಳೆದೆ. ಮಡಿಕೆ ಬಿಚ್ಚುತ್ತಿದ್ದಂತೆ ಹುಣಸೆಬೀಜದ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಎಷ್ಟು ಸಲ ನೆನೆಸಿ ಒಣಗಿಸಿದ್ದೇನೋ... ಆ ವಾಸನೆ ಮಾತ್ರ ಹೋಗಿಲ್ಲ. ಒಂದು ಕಾಲದಲ್ಲಿ ಇದೇ ವಾಸನೆಗೆ ನಾನು ಜಗಳ ತೆಗೆದಿದ್ದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಮಧುಗಿರಿಯವಳಾದ ನನಗೆ ಪಟ್ಟನಾಯಕನಹಳ್ಳಿಯಿಂದಾಚೆ ಒಂದು ಊರಿನ ಪ್ರೈಮರಿ ಸ್ಕೂಲಿಗೆ ಮೊದಲ ಪೋಸ್ಟಿಂಗು. ಬಾಡಿಗೆಗೆ ಸಿಕ್ಕಿದ್ದು ಕಂಬಳಿ ನೇಯುವವರ ಮನೆಯ ಅರ್ಧ ಭಾಗ. ಗಂಡ ಒಳಗೆ ಗುಂಡಿಮಗ್ಗದಲ್ಲಿ ನೇಯುತ್ತಿದ್ದರು, ಹೆಂಡತಿ ಜಗಲಿಯಲ್ಲಿ ಉಣ್ಣೆ ನೂಲುತ್ತಿದ್ದಳು. ಅವಳನ್ನು ಅಕ್ಕ ಎಂದ ಮೇಲೆ ಅವರು ಭಾವ ಆದರು. ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಹುಣಸೆಬೀಜದ ಗಂಜಿ ಬಳಿಯುವುದು ಇಬ್ಬರ ಕೆಲಸ. ಬಂದ ವಾರದಲ್ಲೇ "ಈ ನಾತದಲ್ಲಿ ಹೆಂಗಕ್ಕ ಊಟ ಮಾಡೋದು?" ಎಂದು ರೇಗಿದೆ. ಅವಳು ಕೈಯ ಕುಂಚವನ್ನೂ ಕೆಳಗಿಡದೆ, "ಒಂದು ವಾರ ಕಳೀಲಿ ಮೇಷ್ಟ್ರಮ್ಮ, ಆಮ್ಯಾಕೆ ಈ ವಾಸ್ನೆ ಇಲ್ದಿದ್ರೆ ನಿಮ್ಗೆ ನಿದ್ದೇನೇ ಹತ್ತಾಕಿಲ್ಲ" ಅಂದಳು. ಹಾಗೇ ಆಯಿತು ಅನ್ನಿ.

ಮೂರನೇ ವರ್ಷವಿರಬೇಕು... ಗಂಜಿ ಬಳಿಯುವಾಗ ಅವಳು ಮತ್ತೆ ಮತ್ತೆ ಕೂರುವುದನ್ನು ಕಂಡೆ. ಕಾಡಿ ಬೇಡಿ ಬಾಯಿ ಬಿಡಿಸಿದೆ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಹೋಗುತ್ತಿತ್ತು, ನಾಚಿಕೆಗೆ ಮುಚ್ಚಿಟ್ಟಿದ್ದಳು. ಸಿರಾದ ಲೇಡಿ ಡಾಕ್ಟರು ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಗರ್ಭಕೋಶದ ಬಾಯಲ್ಲಿ ಗಡ್ಡೆ, ಕ್ಯಾನ್ಸರ್ ಎಂದರು. "ಕರೆಂಟು ಕೊಟ್ಟರೆ ಕರಗುತ್ತೆ, ಆದರೆ ಮೊದಲು ರಕ್ತ ಏರಬೇಕು. ಮೂರು ಹೊತ್ತೂ ಚೆನ್ನಾಗಿ ಉಣ್ಣಿಸಿ, ಎರಡು ವಾರ ಬಿಟ್ಟು ಕರೆತನ್ನಿ" ಎಂದು ಕಬ್ಬಿಣದ ಮಾತ್ರೆ ಕೊಟ್ಟರು.

ರಕ್ತಕ್ಕೂ ಕರೆಂಟಿಗೂ, ಅಂದರೆ ಆ ವಿಕಿರಣ ಚಿಕಿತ್ಸೆಗೂ, ಏನು ಸಂಬಂಧ ಎಂದು ಕೇಳಿದೆ. ಕೇಳದೆ ಬಿಡುವ ಜಾಯಮಾನ ನನ್ನದಲ್ಲ. ಆ ಡಾಕ್ಟರು ಚಿಕ್ಕ ವಯಸ್ಸಿನವರು, ಬೇಸರಿಸದೆ ಹೇಳಿದರು. ಗಡ್ಡೆ ಬೇಗ ಬೇಗ ಬೆಳೆಯುತ್ತದೆ, ಅದರ ನಡುವಿಗೆ ರಕ್ತ ಸರಿಯಾಗಿ ತಲುಪುವುದಿಲ್ಲ. ರಕ್ತ ತಲುಪದ ಕಡೆ ಆಮ್ಲಜನಕವೂ ಇಲ್ಲ. ಅಲ್ಲಿನ ಜೀವಕಣಗಳಲ್ಲಿ ಕೆಲವು ಸಾಯುತ್ತವೆ, ಕೆಲವು ಆ ಅರೆ ಉಸಿರಿನಲ್ಲೇ ಬದುಕುವುದನ್ನು ಕಲಿತುಬಿಡುತ್ತವೆ. ಕರೆಂಟಿನ ಪೆಟ್ಟು ಆಮ್ಲಜನಕ ಇರುವಲ್ಲೇ ಚೆನ್ನಾಗಿ ನಾಟುವುದು. ಇಲ್ಲದ ಕಡೆ ಕಣಗಳು ತಪ್ಪಿಸಿಕೊಂಡು ಆಮೇಲೆ ಮತ್ತೆ ಬೆಳೆಯುತ್ತವೆ. ರೋಗಿಯ ರಕ್ತವೇ ಕಡಿಮೆಯಾದರೆ ಅಂಥವು ಇನ್ನೂ ಹೆಚ್ಚು ಉಳಿಯುತ್ತವಂತೆ.

ಬಸ್ಸಿನಲ್ಲಿ ಇದನ್ನೆಲ್ಲ ನನಗೆ ತಿಳಿದಂತೆ ಅಕ್ಕನಿಗೆ ಹೇಳಿದೆ. ಕಿಟಕಿ ಆಚೆ ನೋಡುತ್ತಿದ್ದವಳು, "ಅಂಗಾರೆ ಇದು ಬೂದಿ ಒಳಗಿನ ಕೆಂಡ ಕಣಮ್ಮ" ಅಂದಳು. "ಗಾಳಿ ಆಡ್ದಿದ್ರೂ ಬೆಳಗಾನ ಇರ್ತದೆ. ಬೂದಿ ಮ್ಯಾಲೆ ನೀರು ಚೆಲ್ಲಿದ್ರೆ ಆರಾಕಿಲ್ಲ. ಕೆದಕಿ, ಊದಿ, ಕೆಂಪಗಾದ ಮ್ಯಾಲೆ ಉಯ್ಯಬೇಕು." ದಿನವೂ ಮಕ್ಕಳಿಗೆ ಪಾಠ ಹೇಳುವ ನನಗೆ ಇಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ.

ಇಷ್ಟು ತಿಳಿದವಳು ಮಾಡಿದ ಕೆಲಸ ಕೇಳಿ. ಎರಡು ವಾರ ಬಿಟ್ಟು ಹೋದರೆ ರಕ್ತ ಇನ್ನೂ ಇಳಿದಿತ್ತು! ಡಾಕ್ಟರು ನನ್ನನ್ನೇ ಗದರಿದರು. "ಇನ್ನೊಂದು ವಾರ, ಅಷ್ಟೇ. ಗಡ್ಡೆ ಯಾರಿಗೂ ಕಾಯಲ್ಲ" ಎಂದರು. ಮನೆಗೆ ಬಂದು ನೋಡಿದರೆ ಮಾತ್ರೆಗಳನ್ನು ಸರಿಯಾಗಿ ನುಂಗಿದ್ದಳು. ಒಲೆಯೂ ಮೂರು ಹೊತ್ತು ಉರಿಯುತ್ತಿತ್ತು. ಮತ್ತೆ ಬೇಯಿಸಿದ್ದೆಲ್ಲ ಹೋಗುತ್ತಿದ್ದುದು ಎಲ್ಲಿಗೆ?

ಟಗರಿಗೆ. ಮಾರನೇ ಸಂಜೆ ಹಿತ್ತಿಲಿಗೆ ಹೋದಾಗ ಕಣ್ಣಾರೆ ಕಂಡೆ. ತಟ್ಟೆಯ ಮುದ್ದೆಯನ್ನು ಸೊಪ್ಪಿನ ಸಾರಿನ ಸಮೇತ ಅಲ್ಲಿ ಕಟ್ಟಿದ್ದ ಟಗರಿನ ಕಲ್ಲುಬಾನಿಗೆ ಸುರಿಯುತ್ತಿದ್ದಳು. ಬೆಳಗಿನದೂ ಅಲ್ಲಿಗೇ ಅಂತೆ. ಅದಕ್ಕೇ ಆ ಟಗರು ಗುಡಾಣದ ಹಾಗೆ ಉಬ್ಬಿದ್ದು! ನಾನು ಕೂಗಾಡಿಬಿಟ್ಟೆ. ಏನೇನು ಅಂದೆನೋ... ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಗಡ್ಡೆ ಕರಗಗಂಟ ಒಪ್ಪತ್ತು ಉಣ್ತೀನಿ ಅಂತ ಮನೆದ್ಯಾವ್ರಿಗೆ ಹೊತ್ಕಂಡಿವ್ನಿ ಮೇಷ್ಟ್ರಮ್ಮ. ಮುರಿದ್ರೆ ಮನೆಗೇ ಕೇಡು" ಅಂದಳು.

ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಊಟ. ಗಡ್ಡೆ ಕರಗಲಿ ಎಂದು ಹೊತ್ತ ಹರಕೆಯೇ ಗಡ್ಡೆಯನ್ನು ಕಾಪಾಡುತ್ತಿತ್ತು. ಇವಳು ನನ್ನ ಕಣ್ಣ ಮುಂದೆಯೇ ಸಾಯುತ್ತಾಳೆ ಅನ್ನಿಸಿಬಿಟ್ಟಿತು. ನಾನು ಅಷ್ಟು ಕೂಗಾಡಿದ್ದು ಸಿಟ್ಟಿಗಲ್ಲ, ಹೆದರಿಕೆಗೆ.

ಗಲಾಟೆಗೆ ಒಳಗೆ ಮಗ್ಗ ನಿಂತಿತು. ಭಾವ ಹಿತ್ತಿಲ ಬಾಗಿಲಿಗೆ ಬಂದರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಆದರೆ ಎರಡು ಮುದ್ದೆಗೆ ಕಡಿಮೆ ಎದ್ದವರಲ್ಲ. ಊಟ ಸ್ವಲ್ಪ ತಡವಾದರೆ ಮಗ್ಗದಿಂದಲೇ ಕೆಮ್ಮುತ್ತಿದ್ದರು. ಅಂಥವರು, "ಹರಕೆ ಮನೇದು ಕಣೇ. ಯಾರ ಹೊಟ್ಟೆ ಕಾದ್ರೇನು? ನೀನು ಉಣ್ಣು, ಒಪ್ಪತ್ತು ನಾನಿರ್ತೀನಿ" ಅಂದರು.

"ದ್ಯಾವ್ರು ಒಪ್ಪಬೇಕಲ್ಲ?" ಅಂದಳು ಅಕ್ಕ.

ಬೆಳಗ್ಗೆ ಮೂವರೂ ಗುಡಿಗೆ ಹೋಗಿ ಹೂ ಕೇಳಿದೆವು. ದೇವರಿಗೆ ಅಂಟಿಸಿದ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ವಿಜ್ಞಾನದ ಪಾಠ ಮಾಡುವ ನಾನೂ ರೆಪ್ಪೆ ಮಿಟುಕಿಸದೆ ಆ ಕಣಗಿಲೆ ಹೂವನ್ನೇ ನೋಡುತ್ತ ನಿಂತಿದ್ದೆ. ಬಲಕ್ಕೆ ಬಿತ್ತು. ಪೂಜಾರಪ್ಪ ಅದನ್ನು ಬಲಕ್ಕೆ ವಾಲಿಸಿಯೇ ಅಂಟಿಸಿದ್ದನೇನೋ ಎಂಬ ಗುಮಾನಿ ನನಗೆ ಇವತ್ತಿಗೂ ಇದೆ. ಹಾಗೆ ಮಾಡಿದ್ದರೆ ಅವನ ಹೊಟ್ಟೆ ತಣ್ಣಗಿರಲಿ. ಮನೆಗೆ ಬಂದವಳೇ ಅಕ್ಕ ತಟ್ಟೆ ಮುಂದೆ ಕೂತಳು. ಭಾವ ಎದುರಿಗೆ ಬರಿಗೈಲಿ ಕೂತಿದ್ದರು. ಅವಳು ಅಳುತ್ತಲೇ ಉಂಡಳು.

ವಾರದಲ್ಲಿ ರಕ್ತ ಇಳಿಯುವುದು ನಿಂತಿತು, ಉಳಿದ ಕೊರತೆಗೆ ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಏರಿಸಿ ಕರೆಂಟು ಶುರು ಮಾಡಿದರು. ಬೇಸಿಗೆ ರಜೆಯಾದ್ದರಿಂದ ನಾನೇ ಅವಳ ಜೊತೆ ಛತ್ರದಲ್ಲಿ ಉಳಿದೆ. ಎಲ್ಲ ಮುಗಿದು ಎರಡು ತಿಂಗಳ ಮೇಲೆ ಡಾಕ್ಟರು ಪರೀಕ್ಷೆ ಮಾಡಿ, "ಗಡ್ಡೆ ಕೈಗೇ ಸಿಗ್ತಿಲ್ಲ" ಎಂದರು. ಅಬ್ಬಾ, ಆ ಗಳಿಗೆ! ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಊರಿಗೆ ಬಂದ ಸಂಜೆ ಭಾವ ಮೂರು ಮುದ್ದೆ ಉಂಡು ನಾಲ್ಕನೆಯದಕ್ಕೆ ತಟ್ಟೆ ಒಡ್ಡಿದರು. ಟಗರಿನ ಗತಿ ಕೇಳಬೇಡಿ, ಹರಕೆ ತೀರಿಸಿದ ದಿನ ಊರೆಲ್ಲ ಉಂಡೆವು.

ನನಗೆ ಮಧುಗಿರಿಗೆ ವರ್ಗವಾದಾಗ ಅವಳೇ ನೂತು, ಭಾವ ನೇಯ್ದು ಕೊಟ್ಟ ಕಂಬಳಿ ಇದು. ಭಾವ ಹೋಗಿ ಬಹಳ ವರ್ಷವಾಯಿತು. ಅವಳು ಮಾತ್ರ ಮೊಮ್ಮಕ್ಕಳ ಮದುವೆ ನೋಡಿದಳು. ಆ ಗಡ್ಡೆ ತಿರುಗಿ ಬರಲೇ ಇಲ್ಲ.

ಬಿಸಿಲಿಗೆ ಹಾಕಲು ಕಂಬಳಿ ತೆಗೆದೆ ಎಂದೆನಲ್ಲ, ಅದು ನೆಪ. ಅವತ್ತು ಬೆಳಗ್ಗೆ ಅವಳ ಮೊಮ್ಮಗಳು ಫೋನು ಮಾಡಿದ್ದಳು. ವಯಸ್ಸಾಗಿತ್ತು, ಮಲಗಿದ್ದ ಹಾಗೆಯೇ ಹೋದಳಂತೆ... ಸಂಜೆ ಸೊಸೆ ಊಟಕ್ಕೆ ಕರೆದರೆ ಬೇಡ ಎಂದೆ. ಕಂಬಳಿ ತೊಡೆಯ ಮೇಲಿತ್ತು. ಹಿತ್ತಿಲಲ್ಲಿ ನಾನು ಕೂಗಾಡಿದ್ದು ನೆನಪಾಯಿತು. ಎದ್ದು ಹೋಗಿ ತಟ್ಟೆಗೆ ಬಡಿಸಿಕೊಂಡೆ. ಅವತ್ತು ಅವಳು ಉಂಡ ಹಾಗೆಯೇ, ಅಳುತ್ತಲೇ ಉಂಡೆ.