ಮುಖವಿಲ್ಲದ ಅವ್ವನ ಚಿತ್ರ

ಮಕ್ಕಳೇ, ನಡುಮನೆಯ ಗೋಡೆಯ ಮೇಲಿರುವ ಚಿತ್ರಕ್ಕೆ ಮುಖ ಏಕಿಲ್ಲ ಎಂದು ಕೇಳುತ್ತಲೇ ಇರುತ್ತೀರಿ. ಎದುರಿಗೆ ಹೇಳಲು ನಿಮ್ಮ ಈ ಅಜ್ಜಿಗೆ ಬಾಯಿ ಬರುವುದಿಲ್ಲ. ಬರೆದಿಡುತ್ತೇನೆ.

ಅದನ್ನು ಮಾಡಿದವಳು ನನ್ನ ತಂಗಿ, ಮದ್ದೂರಿನ ನಿಮ್ಮ ಚಿಕ್ಕಜ್ಜಿ. ನನ್ನ ಓದು ಊರಿನ ಶಾಲೆಗೇ ಮುಗಿಯಿತು. ಅವಳು ಮೈಸೂರಿಗೆ ಹೋಗಿ ಶಿಲ್ಪ ಕಲಿತಳು. ಮಣ್ಣಿನಲ್ಲಿ ಮುಖಗಳನ್ನು ಮಾಡುತ್ತಿದ್ದಳು. ಹಳೆಯ ಲಗ್ನಪತ್ರಿಕೆ, ಬಟ್ಟೆಚೂರು, ಗೋಣಿನಾರು ಅಂಟಿಸಿ ಚಿತ್ರಗಳನ್ನೂ ಮಾಡುತ್ತಿದ್ದಳು.

ಒಂದು ಬೇಸಿಗೆ ಬೆಸಗರಹಳ್ಳಿಯ ತವರುಮನೆಗೆ ಬಂದವಳು ಕೆರೆಮಣ್ಣು ಕಲಸಿ, ಅವ್ವನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಅದರಲ್ಲಿ ಅವಳ ತಲೆಯನ್ನು ತಿದ್ದತೊಡಗಿದಳು.

"ಇದ್ಯಾರ ಮೂಗವ್ವಾ? ನಿಮ್ಮಪ್ಪಂದು ತಂದು ನಂಗೆ ಅಂಟ್ಸಿದ್ದೀಯಲ್ಲ!" ಎಂದಳು ಅವ್ವ.

"ಸುಮ್ಕೆ ಕೂತ್ಕೊಳವ್ವ, ನಕ್ಕರೆ ಕೆನ್ನೆ ಎಲ್ಲೆಲ್ಲೋ ಓಯ್ತದೆ."

ಎಡಗಡೆ ತುಟಿ ಮಾತ್ರ ಮೇಲೇಳುವ ಆ ನಗು ಹಾಗೇ ಮಣ್ಣಿಗೆ ಬಂತು. ಆ ವಾರದಲ್ಲೇ ಅವ್ವ ಮಲಗಿದವಳು ಏಳಲಿಲ್ಲ.

ಮಣ್ಣು ಒಣಗಿ ಬಿರಿಯುವ ಮೊದಲು ಪ್ಲಾಸ್ಟರಿನಲ್ಲಿ ಅಚ್ಚು ತೆಗೆದರೆ ಮುಖ ಉಳಿಯುತ್ತದೆ ಎಂದು ತಂಗಿ ಅದಕ್ಕೆ ಒದ್ದೆ ಬಟ್ಟೆ ಸುತ್ತಿಟ್ಟಿದ್ದಳು. ತಿಥಿಯ ಹಿಂದಿನ ದಿನ ಪ್ಲಾಸ್ಟರು ತರಲು ಮಂಡ್ಯಕ್ಕೆ ಹೋದಳು. ಅಷ್ಟರಲ್ಲಿ ಮಳವಳ್ಳಿಯಿಂದ ಅವ್ವನ ಅಕ್ಕ, ನಮ್ಮ ದೊಡ್ಡವ್ವ ಬಂದರು. ಬಟ್ಟೆ ಬಿಚ್ಚಿ ನೋಡಿದವರೇ ಗೊಳೋ ಎಂದು ಅತ್ತರು. ಮುತ್ತೈದೆಯಾಗಿ ಹೋದವಳೆಂದು ಹಣೆಗೆ ಕುಂಕುಮವಿಟ್ಟು, ಹೂ ಮುಡಿಸಿ, ಕರ್ಪೂರ ಹಚ್ಚಿದರು. ಮನೆಯವರೆಲ್ಲ ಕೈಮುಗಿದೆವು. ಮುಂದಿನದು ಯಾರಿಗೂ ಹೊಳೆಯಲಿಲ್ಲ.

ತಂಗಿ ಪ್ಲಾಸ್ಟರಿನ ಚೀಲ ಹೊತ್ತು ಬಂದಳು.

"ಒಸಿ ಸರ್ಕೊ ದೊಡ್ಡವ್ವ, ಅಚ್ಚು ತೆಗೀಬೇಕು."

"ಪೂಜೆ ಆದ ಮಣ್ಣು ಕಣವ್ವ. ಗೌರಮ್ಮನ್ನ ಪೂಜೆ ಮಾಡಿ ಮನೇಲೇ ಮಡಿಕತ್ತೀವಾ? ನೀರಿಗೆ ಬುಡ್ಬೇಕು. ಇಲ್ದಿದ್ರೆ ಅವಳು ಇಲ್ಲೇ ಸುತ್ತತಾ ಇರ್ತಾಳೆ."

ತಂಗಿ ಎಷ್ಟೋ ವಾದಿಸಿದಳು. ಕೊನೆಗೆ ಮೂಲೆಯಲ್ಲಿ ಕುಳಿತಿದ್ದ ಅಪ್ಪ, "ನಿಮ್ಮವ್ವನ್ನ ಕಳ್ಸ್ಕೊಡು ಮಗಾ" ಎಂದರು. ಅವಳು ಮಂಕರಿಬುಟ್ಟಿಯಲ್ಲಿ ಆ ಮಣ್ಣಿನ ತಲೆಯನ್ನಿಟ್ಟುಕೊಂಡು ನಾಲೆಗೆ ಹೋಗಿ ಬಿಟ್ಟು ಬಂದಳು. ಮೂಗು ಮೊದಲು ಕರಗಿತು ಎಂದು ಎಷ್ಟೋ ದಿನಗಳ ಮೇಲೆ ನನಗೆ ಹೇಳಿದಳು.

ಮತ್ತೆ ಮಾಡಲು ನೋಡಿದಳು, ಬರಲಿಲ್ಲ. ಅವ್ವನ ಫೋಟೊ ಎಂದರೆ ಆಧಾರ್ ಕಾರ್ಡಿನದು ಒಂದೇ. ಅದರಲ್ಲಿ ಅವ್ವ ಗಾಬರಿಬಿದ್ದು ಕೂತಿದ್ದಾಳೆ. ಆಮೇಲೆ ತಂಗಿ ಮಣ್ಣು ಮುಟ್ಟುವುದನ್ನೇ ಬಿಟ್ಟಳು. ಅವ್ವನ ಸೀರೆಗಳ ಅಂಚು ಕತ್ತರಿಸಿ ಅಂಟಿಸಿ ಈ ಚಿತ್ರ ಮಾಡಿದಳು. ಮುಖವಿರಬೇಕಾದ ಜಾಗದಲ್ಲಿರುವುದು ಆವತ್ತು ಸುತ್ತಿದ್ದ ಬಟ್ಟೆ.

ಹತ್ತಿರ ಹೋಗಿ ನೋಡಿ, ಮಣ್ಣಿನ ಕಲೆ ಇದೆ. ನಡುವೆ ಕೊಂಚ ದಟ್ಟವಾಗಿರುವುದು ಮೂಗು ತಾಗಿದ ಜಾಗ ಇರಬಹುದು. ನಿಮ್ಮ ತಾತ ಇದ್ದಾಗ ಅವರೇ ಧೂಳು ಹೊಡೆಯುತ್ತಿದ್ದರು, ಈಗ ನಾನು. ಮುಂದೆ ನೀವು ಒರೆಸುವಾಗ ಅಲ್ಲಿ ಮಾತ್ರ ನೀರು ತಾಗಿಸಬೇಡಿ.