ಮೂರನೇ ಕೂಗು

ನನ್ನ ದನಿ ಒಂದು ಕಾಲಕ್ಕ ನಿಲಂಗಾದ ಮೋಟಾರ ಸ್ಟ್ಯಾಂಡಿನ ತನಕಾ ಕೇಳತಿತ್ತು. ಜಂಭ ಕೊಚ್ಚಲಾಕತ್ತಾನ ಅಂತೀರಿ? ಕೊಚ್ಚಲಾಕ ನನ್ನ ಹತ್ರ ಅದೊಂದೇ ಆಸ್ತಿ. ಕೋರ್ಟಿನ ಬಾಗಲದಾಗ ನಿಂತು ಪಕ್ಷಗಾರರ ಹೆಸರು ಕೂಗೂದು ನನ್ನ ನೌಕರಿ. ನಿಜಾಮರ ಕಾಲ ಹೋತು, ದಫ್ತರದಾಗ ಮರಾಠಿ ಬಂತು, ಸಾಹೇಬರು ಬದಲಾದ್ರು. ನನ್ನ ಕೂಗು ಮಾತ್ರ ಉರ್ದುದಾಗೇ ಉಳೀತು.

ಕೋರ್ಟಿನ ಮಂದಿಗೆ ಬ್ಯಾರೇನೇ ಒಂದು ಮಾರಿ ಇರತದ ನೋಡ್ರಿ. ಮುಂಜಾನೆ ಟೊಪಗಿ ಜೋಡಿ ಅದನ್ನೂ ಹಾಕ್ಕೊಂಡು ಬರತೀವಿ. ನಕ್ಕರ ಮಂದಿ ತಲಿ ಮ್ಯಾಲೆ ಕೂಡತಾರ ಅನ್ನೂ ಅಂಜಿಕಿ. ಅದಕ್ಕ ಯಾರು ಏನು ಕೇಳಿದ್ರೂ ನಮ್ಮದು ಒಂದೇ ಜವಾಬು: "ಕರದಾಗ ಬಾ."

ಕಾಸಾರಶಿರಸಿಯ ಧೂಳಪ್ಪ ಮುತ್ಯಾಗೂ ಅವತ್ತ ಮುಂಜಾನೆ ಅದನ್ನೇ ಹೇಳಿದ್ದೆ. ಕುರಿ ಕಾಯೂ ಹಿರಿಯ, ಹೆಗಲ ಮ್ಯಾಲೆ ಕಂಬಳಿ. ಬಾಜೂದಾಂವ ಬದು ಒಡದು ಇವನ ಹೊಲ ತನ್ನದು ಮಾಡಿಕೊಂಡಿದ್ದ. ಹೊಲ ತಿರುಗಿ ಸಿಗಲಿ ಅಂತ ಮುತ್ಯಾನ ದಾವಾ. ಅವನ ವಕೀಲರು ಕೂತ ಉದಗೀರ ಬಸ್ಸು ಇನ್ನೂ ಬಂದಿರಲಿಲ್ಲ. ಮೂರು ಕೂಗಿಗೆ ಯಾರೂ ಬರದಿದ್ರ ದಾವಾ ಖಾರಿಜ, ಹೊಲದ ಆಸೆ ಮುಗೀತು.

"ಧೂಳಪ್ಪಾ ಮಾಳಪ್ಪಾ, ಹಾಜಿರ್ ಹೈ?"

ಬೇವಿನ ಗಿಡದ ಬುಡಕ ಕೂತ ಮುತ್ಯಾ ನನ್ನನ್ನೇ ನೋಡಿದ, ಮೀಸಿ ಮ್ಯಾಲೆ ಕೈಯಾಡಿಸಿದ, ಏಳಲಿಲ್ಲ. ಎರಡನೇ ಸಲ ಗಂಟಲ ಹರಕೊಂಡೆ. ಕಂಬಳಿ ಸರಿ ಮಾಡಿಕೊಂಡ, ಅಷ್ಟೇ. ಒಳಗ ಸಾಹೇಬರು ಆಗಲೇ ಪೆನ್ನು ತಗೊಂಡಿದ್ರು.

ಆಗ ನನ್ನ ಮದವಿ ನೆನಪಾತು. ಊಟಕ್ಕ ಏಳ್ರಿ ಅಂತ ಎಷ್ಟು ಒದರಿದ್ರೂ ನಮ್ಮ ಸೋದರಮಾವ ಅನ್ನ ಆರೂತನಕಾ ಹಿಂಗೇ ಮೀಸಿ ತೀಡಕೋತ ಕೂತಿದ್ದ. ನಮ್ಮ ಕಡೆ ಮರ್ಯಾದಿ ಇದ್ದ ಹಿರಿಯ ಮೊದಲನೇ ಕರೆಗೆ ಏಳತಾನೇನು? ಎದ್ದರ 'ಊಟಕ್ಕ ಕಾದು ಕೂತಿದ್ದ' ಅಂತಾರ. ಹತ್ರ ಹೋಗಿ ಕೈ ಹಿಡದು ಎಬ್ಬಸಬೇಕು.

ಬಾಗಲಾ ಬಿಟ್ಟು ಇಳದೆ. ನೌಕರ್ಯಾಗ ಅದೇ ಮೊದಲು. ಮುತ್ಯಾನ ಕೈ ಹಿಡದು, ಬೀಗರಿಗೆ ಹೇಳಿದಂಗ, "ಏಳ್ರಿ ಮುತ್ಯಾ, ಸಾಹೇಬರು ನಿಮ್ಮ ದಾರಿ ನೋಡ್ಲಾಕತ್ತಾರ" ಅಂದೆ. ಥಟ್ಟನೆ ಎದ್ದ!

ಮೆಟ್ಟಲ ಹತ್ತೂ ಮುಂದ ನನಗ ಸಿಟ್ಟು ತಡೀಲಿಲ್ಲ. "ಅಲ್ರೀ, ಹೊಲ ಹೋಗತಿತ್ತಲ್ಲ! ಎರಡು ಸಲ ಕರದೆ, ಯಾಕ ಬರಲಿಲ್ಲ?"

"ನೀ ಎಲ್ಲಿ ಕರದಿ ತಮ್ಮಾ? ಒದರಿದಿ. ಕರದಾಗ ಬಾ ಅಂದಿದ್ದಿ. ಈಗ ಕರದಿ, ಬಂದೆ."

ಸಾಹೇಬರು ಪೆನ್ನು ಕೆಳಗಿಟ್ಟರು. ದಾವಾ ಉಳೀತು. ಮುಂದ ನೌಕರಿ ಇರೂತನಕಾ ನಂದು ಅದೇ ರೂಢಿ: ಎರಡು ಕೂಗು ಸರಕಾರದ್ದು, ಮೂರನೇದು ನಂದು.